ಭಾನುವಾರದ ಹೊಳೆಬದಿಯ ನಡಿಗೆ

ಆತ್ಮೀಯರೇ,

ಈ ಭಾನುವಾರ ಬೆಳಗ್ಗೆ ಆರೂವರೆಗೆ ನಿಸರ್ಗ ಕೇಂದ್ರದ ಅಂಗಳದಲ್ಲಿ ಸೇರಿ ಪಯಸ್ವಿನಿಯ ದಡಕ್ಕೆ ಹೊರಡುತ್ತೇವೆ. ಚಾ, ಅವಲಕ್ಕಿ ಕೇಂದ್ರದಲ್ಲೇ ಇದೆ. ಲೋಟ ಮಾತ್ರ ನೀವೇ ತನ್ನಿ.

ಇನ್ನೊಂದು ಮಾತು. ಕಳೆದ ವಾರ ಹೊಯಿಗೆ ದಿಣ್ಣೆಯಲ್ಲಿ ಕಂಡ ಆಮೆ ಮೊಟ್ಟೆಗಳ ಚಿತ್ರವನ್ನು ಯಾರೋ ಜಾಗದ ಗುರುತಿನ ಸಮೇತ ಈ ಗುಂಪಿನಲ್ಲಿ ಹಾಕಿದ್ದರು. ಸಂಭ್ರಮ ಅರ್ಥವಾಗುತ್ತದೆ, ಆದರೆ ದಯವಿಟ್ಟು ಅಳಿಸಿಬಿಡಿ. ಕಳ್ಳರೂ ಮೊಬೈಲ್ ನೋಡುತ್ತಾರೆ. ಮಲಯಾಳದಲ್ಲಿ ಭೀಮನಾಮೆ ಎನ್ನುವ ಮೆದುಚಿಪ್ಪಿನ ದೈತ್ಯ ಆಮೆ ನಮ್ಮ ಹೊಳೆಯಲ್ಲಿದೆ. 2023ರಲ್ಲಿ ಕಾಸರಗೋಡು ಜಿಲ್ಲೆಯು ಕಾಸರಕವನ್ನು ತನ್ನ ಮರವೆಂದೂ ಬಿಳಿಹೊಟ್ಟೆಯ ಕಡಲ ಹದ್ದನ್ನು ತನ್ನ ಹಕ್ಕಿಯೆಂದೂ ಘೋಷಿಸಿದಾಗ, ಜಿಲ್ಲೆಯ ಜೀವಿಯ ಪಟ್ಟ ಸಿಕ್ಕಿದ್ದು ಈ ಆಮೆಗೆ. ದಿನದ ಬಹುಪಾಲು ಹೊಯಿಗೆಯಲ್ಲಿ ಹುದುಗಿ, ಕಣ್ಣು ಬಾಯಿಯಷ್ಟೇ ಹೊರಗಿಟ್ಟು ಮೀನಿಗಾಗಿ ಕಾಯುತ್ತದೆ. (ಈ ಗುಂಪಿನಲ್ಲೂ ಅಂಥ ಸದಸ್ಯರು ಕೆಲವರಿದ್ದಾರೆ!)

ಬಲೆಗೆ ಬಿದ್ದ ಆಮೆ ಕಂಡರೆ ಕೈ ಹಾಕಬೇಡಿ, ಬಲವಾಗಿ ಕಚ್ಚುತ್ತದೆ. ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಿ.

ಬರುವವರು ಶುಕ್ರವಾರ ಸಂಜೆಯೊಳಗೆ ಹೆಸರು ಹೇಳಿ. ಅವಲಕ್ಕಿ ಎಷ್ಟು ಕಲಸಬೇಕೆಂದು ಗೊತ್ತಾಗಬೇಕಲ್ಲ.