ಶಾಸಕರೇ, ಆ ಕೋಣೆಯ ಬೀಗ ತೆಗೆಸಿ

ಮಾನ್ಯ ಶಾಸಕರಿಗೆ ನಮಸ್ಕಾರ.

ನಾನು ಕೊಡಗಿನ ಮಕ್ಕಂದೂರು ಕಡೆಯವಳು. ಮಗಳು ಜಿಲ್ಲೆಯ ಒಂದು ಕಾಲೇಜಿನಲ್ಲಿ ಕೊನೆಯ ವರ್ಷದ ಬಿಎಸ್ಸಿ ಓದುತ್ತಿದ್ದಾಳೆ. ಅಲ್ಲಿಗೆ ಒಬ್ಬ ಆಪ್ತ ಸಮಾಲೋಚಕರನ್ನು ಕೊಡಿ ಎಂದು ಎರಡು ವರ್ಷದಿಂದ ಕೇಳುತ್ತಿದ್ದೇವೆ. ಮೂರು ಅರ್ಜಿ ಹೋಗಿವೆ. ಒಂದಕ್ಕೂ ಉತ್ತರವಿಲ್ಲ.

2018ರ ಆಗಸ್ಟ್‌ನಲ್ಲಿ ಮಳೆಗೆ ಗುಡ್ಡದ ಬರೆ ಕುಸಿದಾಗ ಅವಳಿಗೆ 12 ವರ್ಷ. ಮೊದಲಿನಿಂದಲೂ ಸಣ್ಣದಕ್ಕೂ ಹೆದರುವ, ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುವ ಹುಡುಗಿ. ಈಗಲೂ ರಾತ್ರಿ ಮಳೆ ಜೋರಾದರೆ ಎದ್ದು ಕೂರುತ್ತಾಳೆ.

ಹೋದ ಮಳೆಗಾಲ ರಸ್ತೆಗೆ ಮರ ಬಿದ್ದು ಬಸ್ಸು ನಿಂತಿತು. ಇಂಟರ್ನಲ್ ಪರೀಕ್ಷೆಗೆ ಅರ್ಧ ಗಂಟೆ ತಡ. ಒದ್ದೆ ಬಟ್ಟೆಯಲ್ಲೇ ಹೊರಗೆ ನಿಲ್ಲಿಸಿದರು. ಅತ್ತಾಗ, "ಇಂಥ ಅಳುಬುರುಕಿಗೆ ಡಿಗ್ರಿ ಯಾಕೆ?" ಅಂದರು, ಇಡೀ ಕ್ಲಾಸಿನ ಮುಂದೆ! ಆಮೇಲೆ ಮೂರು ವಾರ ಸರಿಯಾಗಿ ಊಟವಿಲ್ಲ, ನಿದ್ದೆಯಿಲ್ಲ. ಪುಸ್ತಕ ಮುಟ್ಟಲಿಲ್ಲ. "ನಾನಿದ್ದು ಏನು ಪ್ರಯೋಜನ ಅಮ್ಮಾ?" ಎಂದು ಕೇಳಿದಳು. ಆ ಮಾತು ಕೇಳಿದ ತಾಯಿಗೆ ಹೇಗಾಗಬೇಡ?

ಕಾಲೇಜಿಗೆ ಓಡಿದೆ. ಅಲ್ಲಿ 'ಆಪ್ತ ಸಮಾಲೋಚನಾ ಕೊಠಡಿ' ಅಂತ ಬೋರ್ಡಿದೆ. ಬೀಗ ಹಾಕಿತ್ತು. ಕೀಲಿ ಪಿಟಿ ಮೇಷ್ಟ್ರ ಹತ್ತಿರ. ತೆಗೆಸಿ ನೋಡಿದರೆ ಕೇರಂ ಬೋರ್ಡು, ವಾಲಿಬಾಲ್ ನೆಟ್ಟು, ಮುರಿದ ಬೆಂಚು.

ಮಡಿಕೇರಿಯಲ್ಲಿ ಡಾಕ್ಟರು ಕಳೆದ ಎರಡು ವಾರ ಹೇಗಿದ್ದೆ ಎಂದು ಒಂಬತ್ತು ಪ್ರಶ್ನೆ ಕೇಳಿದರು. ಖಿನ್ನತೆ ಅಂದರು. ಅವರು ಹೇಳಿದ್ದು ಇಷ್ಟು: ಒಂದೇ ಬೈಗುಳವನ್ನು ಒಬ್ಬರು ಸಂಜೆಗೆ ಮರೀತಾರೆ, ಇನ್ನೊಬ್ಬರು ತಿಂಗಳುಗಟ್ಟಲೆ ಹೊರುತ್ತಾರೆ. ಬೇಗ ಆತಂಕಪಡುವ ಸ್ವಭಾವದವರ ಮೇಲೆ ಒತ್ತಡ ಬಿದ್ದರೆ ಖಿನ್ನತೆ ಬರುವ ಸಾಧ್ಯತೆ ಜಾಸ್ತಿ. ಹಾಗಂತ ಸ್ವಭಾವವೇ ಕಾಯಿಲೆಯಲ್ಲ. ಹೊತ್ತಿಗೆ ಸರಿಯಾಗಿ ಯಾರಾದರೂ ಕೂತು ಮಾತಾಡಿಸಿದರೆ ತಡೆಯಬಹುದಿತ್ತು. ಆ ಯಾರಾದರೂ ಒಬ್ಬರನ್ನೇ ಸ್ವಾಮಿ ನಾವು ಕೇಳುತ್ತಿರುವುದು.

100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ತರಬೇತಿಯಿರುವ ಸಮಾಲೋಚಕರು ಒಬ್ಬರಾದರೂ ಇರಬೇಕೆಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಮಗೆ ಗೊತ್ತೇ ಇದೆ. ನಾನು ಬಿಡಿಸಿ ಹೇಳಬೇಕಿಲ್ಲ ಅಲ್ವಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅಂತೀರಿ. ಒಳ್ಳೆಯದೇ, ನಾವೂ ಮಾಡಿದ್ದೇವೆ. ಆದರೆ ಮಳೆಗೆ ಕರೆಂಟು ಹೋದರೆ ನಮ್ಮಲ್ಲಿ ನೆಟ್‌ವರ್ಕೂ ಹೋಗುತ್ತೆ. ಮಕ್ಕಳಿಗೆ ಎದುರಿಗೆ ಕೂರುವ ಮನುಷ್ಯ ಬೇಕು.

ಮಗಳು ಈಗ ಚೇತರಿಸಿಕೊಳ್ಳುತ್ತಿದ್ದಾಳೆ. ಅವಳ ಹಿಂದಿನ ಬೆಂಚಿನ ಮಕ್ಕಳ ಗತಿಯೇನು? ಸಮಾಲೋಚಕರನ್ನು ನೇಮಿಸಿ. ಭರವಸೆ ಬೇಡ, ಸಮಿತಿ ಬೇಡ, ಒಬ್ಬರನ್ನು ನೇಮಿಸಿ. ಮುಂದಿನ ಮಳೆಗಾಲಕ್ಕೆ ಮೊದಲು ಆ ಕೋಣೆಯಿಂದ ಕೇರಂ ಬೋರ್ಡು ಹೊರಗೆ ಹೋಗಲಿ, ಎರಡು ಕುರ್ಚಿ ಒಳಗೆ ಬರಲಿ.

ಇಂತಿ,
ಮಕ್ಕಂದೂರು ಕಡೆಯ ಒಬ್ಬ ತಾಯಿ