ಟಿಬಿ ಅಲ್ಲ, ಗದ್ದೆ ಕೆಸರಿನ ಸೋಂಕು

ಮಾನ್ಯರೇ,

ಅಪ್ಪ ಬ್ರಹ್ಮಾವರದ ಹತ್ತಿರ ಗದ್ದೆ ಮಾಡುವವರು. ಸಕ್ಕರೆ ಕಾಯಿಲೆ ಇದೆ. ಕಳೆದ ಮಳೆಗಾಲದ ಆಟಿ ತಿಂಗಳಲ್ಲಿ ಜ್ವರ, ಕೆಮ್ಮು ಹಿಡಿಯಿತು. ಎಕ್ಸ್‌ರೇ ನೋಡಿ ಟಿಬಿ ಎಂದರು. ಕಫದಲ್ಲಿ ಟಿಬಿ ಸಿಗಲಿಲ್ಲ, ಆದರೂ 2 ತಿಂಗಳು ಅದೇ ಮಾತ್ರೆ. ರಾತ್ರಿ ಬನಿಯನ್ ಹಿಂಡಿದರೆ ನೀರಿಳಿಯುವಷ್ಟು ಬೆವರು. ನೋಡಲಾಗುತ್ತಿರಲಿಲ್ಲ.

ಕೊನೆಗೆ ಬೇರೆ ಕಡೆ ರಕ್ತ, ಕಫ ಕಲ್ಚರ್‌ಗೆ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ) ಕೊಟ್ಟಾಗ ಗೊತ್ತಾಯಿತು, ಮೆಲಿಯಾಯ್ಡೋಸಿಸ್. ಮಣ್ಣು, ಕೆಸರು ನೀರಿನಲ್ಲಿರುವ ಬ್ಯಾಕ್ಟೀರಿಯಾದಿಂದ ಬರುವ ಸೋಂಕು. ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಜಾಸ್ತಿ. 2 ವಾರ ಸೆಫ್ಟಾಜಿಡಿಮ್ ಇಂಜೆಕ್ಷನ್, ಆಮೇಲೆ 3 ತಿಂಗಳು ಕೋಟ್ರೈಮಾಕ್ಸಜೋಲ್ ಮಾತ್ರೆ. ಅಪ್ಪ ಉಳಿದರು. ಈಗ ಗಂಬೂಟ್ ಹಾಕದೆ ಗದ್ದೆಗೆ ಇಳಿಯುವುದಿಲ್ಲ.

ತಾಲೂಕು ಆಸ್ಪತ್ರೆಯಲ್ಲೇ ಕಲ್ಚರ್ ಮಾಡುವ ವ್ಯವಸ್ಥೆ ಬೇಕು. ಸಕ್ಕರೆ ಕಾಯಿಲೆಯವರಿಗೆ ಮಳೆಗಾಲದಲ್ಲಿ ಜ್ವರ ಬಿಡದಿದ್ದರೆ, ದಯವಿಟ್ಟು ಈ ಪರೀಕ್ಷೆಯನ್ನೂ ಕೇಳಿ ಮಾಡಿಸಿ.

– ಕೃಷಿಕರೊಬ್ಬರ ಮಗಳು, ಉಡುಪಿ ಜಿಲ್ಲೆ