ಎಂಜಿನ್ ವೀಕ್ ಅನ್ನೋಕೆ ಮುಂಚೆ ಪೆಟ್ರೋಲ್ ಅಳೆದು ನೋಡ್ರಪ್ಪಾ

ಸಂಪಾದಕರಿಗೆ ನಮಸ್ಕಾರ,

ನಾನು ದಾವಣಗೆರೆ ಕಡೆಯವನು, ಈಗ ಇಪ್ಪತ್ತು ವರ್ಷದಿಂದ ಅಮೆರಿಕದ ಕೊಲರಾಡೋದಲ್ಲಿದೀನಿ, ಬೆಳಗ್ಗೆ ಕಾಫಿ ಜೊತೆ ನಿಮ್ಮ ಇ-ಪೇಪರ್ ಓದೋದು ಮಾತ್ರ ಬಿಟ್ಟಿಲ್ಲ. ಹಳ್ಳಿ ಹುಡುಗ ಸ್ವಂತ ವಿಮಾನ ಮಾಡಿದ, ಬೈಕ್ ಎಂಜಿನ್ ಹಾಕಿ ಹಾರಿಸೋಕೆ ಹೊರಟ ಅನ್ನೋ ತರದ ಸುದ್ದಿ ಪೇಪರಲ್ಲಿ ನೋಡಿದಾಗೆಲ್ಲ ನಂಗೆ ಖುಷಿನೂ ಆಗುತ್ತೆ, ಹೊಟ್ಟೇಲಿ ಸಂಕಟಾನೂ ಆಗುತ್ತೆ. ಯಾಕಂದ್ರೆ ಹಾರಲಿಲ್ಲ ಅಂದ್ರೆ ಎಲ್ರೂ ಹೇಳೋದು ಒಂದೇ ಮಾತು, ಎಂಜಿನ್ ಪವರ್ ಸಾಲಲಿಲ್ಲ, ದೊಡ್ಡ ಎಂಜಿನ್ ಹಾಕಿದ್ರೆ ಹಾರುತ್ತೆ ಅಂತ.

ಹೋದ ತಿಂಗಳು ನಮ್ಮ ಅಕ್ಕನ ಮಗ ಫೋನ್ ಮಾಡಿದ್ದ. ಇಂಜಿನಿಯರಿಂಗ್ ಓದ್ತಿದಾನೆ, ನಾಲ್ಕು ಜನ ಫ್ರೆಂಡ್ಸ್ ಸೇರ್ಕೊಂಡು ಒಬ್ಬರು ಕೂರೋ ಅಷ್ಟು ಸಣ್ಣ ವಿಮಾನ ಕಟ್ತಿದಾರೆ. ವಿಮಾನಯಾನ ನೋಡ್ಕೊಳ್ಳೋ ಸರ್ಕಾರಿ ಇಲಾಖೆ ಡಿಜಿಸಿಎ ಅನುಮತಿ ಇಲ್ದೆ ಹಾರಿಸೋ ಹಾಗಿಲ್ಲ ಅಂತ ಅವನಿಗೂ ಗೊತ್ತು, ಸದ್ಯಕ್ಕೆ ಶೆಡ್ ಹೊರಗಡೆ ನೆಲದ ಮೇಲೇ ಎಂಜಿನ್ ಓಡಿಸ್ತಿದಾರೆ. "ಮಾಮ, ಫುಲ್ ರೇಸ್ ಕೊಟ್ರೂ ಎಳೀತಿಲ್ಲ, ಇದನ್ನ ತೆಗೆದು ಇನ್ನೊಂದು ದೊಡ್ಡದು ಹಾಕ್ತೀವಿ" ಅಂದ. ನಾನು ಅವನಿಗೆ ಒಂದು ಗಂಟೆ ಫೋನಲ್ಲಿ ಹೇಳಿದ್ದನ್ನೇ ನಿಮಗೂ ಬರೀತಿದೀನಿ, ಅವನ ತರದ ಹುಡುಗರು ಇನ್ನೂ ಎಷ್ಟೋ ಜನ ಇರಬಹುದು ಅಂತ.

ನಾನೂ ಇಲ್ಲಿ ಗ್ಯಾರೇಜಲ್ಲಿ ಒಂದು ವಿಮಾನ ಕಟ್ಟಿದೀನಿ, ಆರು ವರ್ಷ ಹಿಡೀತು. ಈ ದೇಶದಲ್ಲಿ ಅದಕ್ಕೆ ಕಾನೂನಲ್ಲೇ ಜಾಗ ಇದೆ, ಅರ್ಧಕ್ಕಿಂತ ಹೆಚ್ಚು ಕೆಲಸ ನಾವೇ ಮಾಡಿದ್ರೆ ಎಕ್ಸ್‌ಪೆರಿಮೆಂಟಲ್ ಅಂತ ರಿಜಿಸ್ಟರ್ ಮಾಡ್ಕೊಡ್ತಾರೆ. ಎರಡು ಸೀಟು, ರೆಕ್ಕೆ ಮೇಲ್ಗಡೆ, ಪೆಟ್ರೋಲ್ ರೆಕ್ಕೇಲಿರೋ ಟ್ಯಾಂಕಿಂದ ತಾನಾಗೇ ಇಳಿದು ಬರುತ್ತೆ, ಪಂಪ್ ಇಲ್ಲ. ಎಂಜಿನ್ ಸೆಕೆಂಡ್ ಹ್ಯಾಂಡ್ ಕಾಂಟಿನೆಂಟಲ್ ಓ-200, 2750 ಆರ್‌ಪಿಎಂನಲ್ಲಿ, ಅಂದ್ರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ, 100 ಹಾರ್ಸ್‌ಪವರ್ ಕೊಡೋದು. ಚಕ್ರಕ್ಕೆ ಅಡ್ಡ ಕಟ್ಟೆ ಇಟ್ಟು, ಬಾಲ ಹಗ್ಗದಲ್ಲಿ ಕಟ್ಟಿ, ಮೂತಿ ಗಾಳಿಗೆ ಎದುರಾಗಿ ನಿಲ್ಲಿಸಿ ಫುಲ್ ಥ್ರಾಟಲ್ (ಫುಲ್ ರೇಸ್) ಕೊಟ್ರೆ, ನಿಂತಲ್ಲೇ 2750 ಬರಲ್ಲ, ಆದ್ರೂ 2400 ಹತ್ರ ಬರಬೇಕಿತ್ತು, ಮೀಟರಲ್ಲಿ ಬಂದಿದ್ದು 2180. ಐದಾರು ನಿಮಿಷ ಆದ್ಮೇಲೆ ಅದೂ ಇಳೀತಾ ಹೋಗ್ತಿತ್ತು.

ಆಗ ನಾನು ಮಾಡಿದ ತಪ್ಪು ಏನಂದ್ರೆ ಏನೂ ಅಳೀದೆ ಸಾಮಾನು ಬದಲಾಯಿಸ್ತಾ ಹೋದೆ. ಎಂಟೂ ಪ್ಲಗ್ ಹೊಸದು, ಪ್ಲಗ್ ವೈರು ಹೊಸದು, ಪೆಟ್ರೋಲನ್ನ ಗಾಳಿಗೆ ಬೆರೆಸೋ ಕಾರ್ಬೊರೇಟರ್ ಬಿಚ್ಚಿ ಓವರ್‌ಹಾಲ್‌ಗೆ ಕಳ್ಸಿದೆ, ಎರಡು ತಿಂಗಳೂ ಹೋಯ್ತು ಕೈಲಿದ್ದ ದುಡ್ಡೂ ಹೋಯ್ತು, ಮೀಟರ್ ಮಾತ್ರ 2180ರಿಂದ ಅಲ್ಲಾಡಲಿಲ್ಲ. ನಮ್ಮ ಏರ್‌ಫೀಲ್ಡಲ್ಲಿ ಒಬ್ರು ವಯಸ್ಸಾದ ಮೆಕ್ಯಾನಿಕ್ ಇದಾರೆ, ಅವರು ಬಂದು ಎಂಜಿನ್ ಮುಟ್ಟಲೇ ಇಲ್ಲ, ಮೊದಲು ಕೇಳಿದ್ದು ಈ ಮೀಟರ್ ಸರಿ ಇದೆ ಅಂತ ಯಾರು ಹೇಳಿದ್ರು ನಿಂಗೆ ಅಂತ. ಪ್ರೊಪೆಲ್ಲರ್ ಕಡೆ ಹಿಡಿದ್ರೆ ಬೆಳಕಿನಿಂದ ಸುತ್ತು ಎಣಿಸೋ ಒಂದು ಸಣ್ಣ ಡಿಜಿಟಲ್ ಟ್ಯಾಕೋಮೀಟರ್ ಇರುತ್ತೆ, ಅದರಲ್ಲಿ ನೋಡಿದ್ರೆ 2270! ನನ್ನ ಮೀಟರ್ 90 ಕಮ್ಮಿ ತೋರಿಸ್ತಿತ್ತು, ಅಂದ್ರೆ ನಾನು ಹುಡುಕ್ತಿದ್ದ ಕಾಯಿಲೇಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬರೀ ಮೀಟರಿನ ಸುಳ್ಳು.

ಆಮೇಲೆ ಅವರು ನನ್ನ ಒಳಗೆ ಕೂರಿಸಿ ಥ್ರಾಟಲ್ ಪೂರ್ತಿ ಒತ್ತು ಅಂದ್ರು, ತಾವು ಎಂಜಿನ್ ಮೇಲಿನ ಹೊದಿಕೆ (ಕೌಲಿಂಗ್) ತೆಗೆದು ಕಾರ್ಬೊರೇಟರ್ ಹತ್ರ ನೋಡಿದ್ರು. ಕೇಬಲ್ ಒಂಚೂರು ಉದ್ದ ಆಗಿ ಅಲ್ಲಿರೋ ಲಿವರ್ ಕೊನೇ ಸ್ಟಾಪ್‌ಗೆ ಮುಟ್ಟಿರಲಿಲ್ಲ, ಕಾಲು ಇಂಚು ಬಾಕಿ. ಒಳಗೆ ನನ್ನ ಕೈಗೆ ಫುಲ್ ಅನ್ಸೋದು ಅಲ್ಲಿ ಫುಲ್ ಆಗಿರಲೇ ಇಲ್ಲ. ಸರಿ ಮಾಡಿದ್ಮೇಲೆ 2340. ಕಾರ್ಬೊರೇಟರ್ ಹೀಟ್ ಬಾಗಿಲೂ ನೋಡಿದ್ರು, ಮಂಜು ಕಟ್ಟದೇ ಇರಲಿ ಅಂತ ಬಿಸಿ ಗಾಳಿ ಬಿಡೋ ಬಾಗಿಲು ಅದು, ಎಳೆದ್ರೆ ಆರ್‌ಪಿಎಂ ಸ್ವಲ್ಪ ಇಳೀಬೇಕು. ಇಳೀಲಿಲ್ಲ ಅಂದ್ರೆ ಒಂದೋ ಕೇಬಲ್ ಕೆಲಸ ಮಾಡ್ತಿಲ್ಲ, ಇಲ್ಲಾ ಬಾಗಿಲು ಮೊದಲೇ ಸರಿಯಾಗಿ ಮುಚ್ಚದೆ ಯಾವಾಗ್ಲೂ ಬಿಸಿ ಗಾಳಿ ಒಳಗೆ ಹೋಗ್ತಿದೆ ಅಂತ ಅರ್ಥ, ಬಿಸಿ ಗಾಳಿ ತೆಳು, ಪವರ್ ಅಲ್ಲೇ ಹೋಯ್ತು. ನಂದು ಸರಿ ಇತ್ತು. ಪ್ಲಗ್ಗಿಗೆ ಕಿಡಿ ಕೊಡೋ ಮ್ಯಾಗ್ನೆಟೊ ಎರಡನ್ನೂ 1700 ಆರ್‌ಪಿಎಂನಲ್ಲಿ ಒಂದೊಂದಾಗಿ ಆಫ್ ಮಾಡಿ ನೋಡಿದ್ರು, 150ಕ್ಕಿಂತ ಜಾಸ್ತಿ ಇಳೀಬಾರದು, ಎರಡರ ನಡುವೆ 75ಕ್ಕಿಂತ ಜಾಸ್ತಿ ವ್ಯತ್ಯಾಸ ಬರಬಾರದು. ಅದೂ ಸರಿ. ಸಿಲಿಂಡರ್ ಒಳಗಿನ ಒತ್ತಡ (ಕಂಪ್ರೆಷನ್) ಸರಿ. ಹಳೇ ಎಂಜಿನ್ ಪಾಪ ಗಟ್ಟಿಯಾಗೇ ಇತ್ತು.

ಆದ್ರೆ ಐದು ನಿಮಿಷ ಆದ್ಮೇಲೆ ಇಳಿಯೋದು ನಿಂತಿರಲಿಲ್ಲ. ಇದನ್ನ ಹುಡುಗರು ಚೆನ್ನಾಗಿ ನೆನಪಿಟ್ಕೋಬೇಕು. ಮೊದಲ ಸೆಕೆಂಡಿಂದಲೇ ಪವರ್ ಕಮ್ಮಿ ಇದ್ರೆ ಅದು ಬೇರೆ, ಪ್ರೊಪೆಲ್ಲರ್ ಪಿಚ್ (ಅದರ ಎಲೆಗಳ ಓರೆ), ಥ್ರಾಟಲ್, ಟೈಮಿಂಗ್ (ಕಿಡಿ ಹೊತ್ತೋ ಸಮಯ), ಒಳಗೆ ತಗಡು ಕಳಚಿ ಬಿದ್ದು ದಾರಿ ಕಟ್ಟಿರೋ ಸೈಲೆನ್ಸರ್, ಇಂಥದ್ದು. ಚೆನ್ನಾಗಿ ಶುರುವಾಗಿ ಆಮೇಲೆ ಇಳಿದು, ಥ್ರಾಟಲ್ ಕಮ್ಮಿ ಮಾಡಿದ್ರೆ ಮತ್ತೆ ಸುಧಾರಿಸ್ಕೊಳ್ತು ಅಂದ್ರೆ ಮೊದಲು ಪೆಟ್ರೋಲ್ ದಾರಿ ನೋಡಬೇಕು. ಇದು ನೆಲದ ಮೇಲೆ ಐದನೇ ನಿಮಿಷಕ್ಕೆ ಆದ್ರೆ ಬರೀ ಬೇಜಾರು, ಮರಗಳ ಮೇಲೆ 300 ಅಡೀಲಿ ಆದ್ರೆ ಸಾವು.

ಪರೀಕ್ಷೆಗೆ ಬೇಕಾಗಿದ್ದು ಒಂದು ಕ್ಯಾನು, ಒಂದು ವಾಚು. ಆ ಎಂಜಿನ್ ಫುಲ್ ಪವರಲ್ಲಿ ಗಂಟೆಗೆ ಸುಮಾರು 33 ಲೀಟರ್ ಕುಡಿಯುತ್ತೆ, ತಾನಾಗೇ ಇಳಿದು ಬರೋ ಸಿಸ್ಟಮ್ ಆದ್ರೆ ಅದರ ಒಂದೂವರೆ ಪಟ್ಟು ಹರೀಬೇಕು ಅನ್ನೋದು ನಿಯಮ, ಪಂಪ್ ಇದ್ರೆ ಒಂದೂಕಾಲು ಪಟ್ಟು. ನನ್ನ ಲೆಕ್ಕದಲ್ಲಿ ನಿಮಿಷಕ್ಕೆ 830 ಮಿಲೀ. ಮುಂದಿನ ಚಕ್ರ ಹಲಗೆ ಮೇಲೆ ಏರಿಸಿ, ಮೇಲಕ್ಕೆ ಹತ್ತುವಾಗ ಇರೋ ಹಾಗೆ ಮೂತಿ ಎತ್ತಿ, ಟ್ಯಾಂಕಲ್ಲಿ ಕಮ್ಮಿ ಪೆಟ್ರೋಲ್ ಇಟ್ಕೊಂಡು, ಕಾರ್ಬೊರೇಟರ್ ಹತ್ರ ಪೈಪ್ ಬಿಚ್ಚಿ ಅದೇ ಎತ್ತರದಲ್ಲಿ ಕ್ಯಾನ್ ಹಿಡಿದ್ವಿ. ಪಕ್ಕದಲ್ಲಿ ಒಬ್ರು ಫೈರ್ ಎಕ್ಸ್‌ಟಿಂಗ್ವಿಷರ್ ಹಿಡ್ಕೊಂಡು ನಿಂತಿದ್ರು, ಮೊಬೈಲ್ ಎಲ್ಲ ದೂರ ಇಟ್ಟಿದ್ವಿ. ಮೊದಲ ನಿಮಿಷ 850 ಬಂತು, ನಂಗೆ ಸಮಾಧಾನ ಆಯ್ತು, ಮೆಕ್ಯಾನಿಕ್ ನಿಲ್ಲಿಸಬೇಡ ಅಂದ್ರು. ಮೂರನೇ ನಿಮಿಷಕ್ಕೆ 600, ಐದನೇದಕ್ಕೆ 400! ಟ್ಯಾಂಕ್ ಮುಚ್ಚಳ ತೆಗೆದ ಕೂಡ್ಲೆ ಉಸ್ ಅಂತ ಗಾಳಿ ಒಳಗೆ ಎಳ್ಕೊಂಡು ಮತ್ತೆ 850ಕ್ಕೆ ಬಂತು.

ಟ್ಯಾಂಕಿಗೆ ಗಾಳಿ ಬಿಡೋ ವೆಂಟ್ ಪೈಪ್ ಕೂರಿಸುವಾಗ ನಾನೇ ಹಚ್ಚಿದ್ದ ಸೀಲೆಂಟ್ ಒಳಗೆ ಇಳಿದು ಗಟ್ಟಿಯಾಗಿ ಸೂಜಿ ಮೊನೆಯಷ್ಟು ತೂತು ಬಿಟ್ಟಿತ್ತು. ಪೆಟ್ರೋಲ್ ಖಾಲಿ ಆದ ಜಾಗಕ್ಕೆ ಗಾಳಿ ಬರದೆ ಹರಿವು ಕಟ್ತಾ ಬರೋದು. ಇಲ್ಲಿ ಕುಂಬಾರ ಹುಳ ಕೂಡ ಇಂಥ ಪೈಪಲ್ಲಿ ಮಣ್ಣು ತುಂಬಿ ಗೂಡು ಕಟ್ಟಿಬಿಡುತ್ತೆ, ನಮ್ಮೂರಲ್ಲಿ ಸ್ವಿಚ್ ಬೋರ್ಡ್ ತೂತಿನಲ್ಲಿ ಕಟ್ಟೋ ಹಾಗೆ, ಅದಕ್ಕೆ ಹಾರಿಸೋ ಮುಂಚೆ ಪ್ರತಿ ಸಲ ನೋಡ್ತೀವಿ. ಪೈಪ್ ಬದಲಾಯಿಸೋಕೆ ಖರ್ಚಾಗಿದ್ದು ಒಂದು ಊಟದ ದುಡ್ಡು. ಇನ್ನು ಉಳಿದ ಅರವತ್ತು ಆರ್‌ಪಿಎಂ ಎಲ್ಲೂ ಸಿಗಲಿಲ್ಲ, ಸಿಗೋದೂ ಇಲ್ಲ, ಅದು ಇಲ್ಲಿನ ಗಾಳಿ. ನಮ್ಮ ಏರ್‌ಫೀಲ್ಡ್ 5000 ಅಡಿ ಎತ್ತರದಲ್ಲಿದೆ, ಗಾಳಿ ಒತ್ತಿ ತುಂಬೋ ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು 3% ಪವರ್ ಕಳ್ಕೊಳ್ಳುತ್ತೆ.

ಈ ಗಾಳಿ ವಿಷಯ ನಮ್ಮ ಹುಡುಗರಿಗೆ ಹೇಳೋರೇ ಕಮ್ಮಿ. ದಾವಣಗೆರೆ 600 ಮೀಟರ್ ಎತ್ತರ, ಏಪ್ರಿಲ್ ಮಧ್ಯಾಹ್ನ 38 ಡಿಗ್ರಿ ಬಿಸಿಲಲ್ಲಿ ಎಂಜಿನ್‌ಗೆ ಅದು 5000 ಅಡಿ ಮೇಲೆ ಇದ್ದ ಹಾಗೆ, 15% ಪವರ್ ಸುಮ್ಮನೆ ಹೋಯ್ತು. ಬೆಂಗಳೂರು 3000 ಅಡಿ, 35 ಡಿಗ್ರಿ ಆದ್ರೆ 6000 ಅಡಿ ಲೆಕ್ಕ. ಅದೇ ವಿಮಾನ ಮಂಗಳೂರಲ್ಲಿ ಬೆಳಗ್ಗೆ ಆರು ಗಂಟೆಗೆ ಓಡಿಸಿದ್ರೆ ಬೇರೆ ಎಂಜಿನ್ ಅನ್ಸುತ್ತೆ.

ನಮ್ಮ ಹುಡುಗನ ವಿಷಯಕ್ಕೆ ಬರ್ತೀನಿ. ಅವರದ್ದು ಬೈಕ್ ಎಂಜಿನ್, ಅದರ ಗೇರ್‌ಬಾಕ್ಸ್ ಬಳಸದೆ ಪ್ರೊಪೆಲ್ಲರ್‌ನ ನೇರ ಕ್ರ್ಯಾಂಕ್‌ಗೆ, ಅಂದ್ರೆ ಎಂಜಿನ್ ತಿರುಗಿಸೋ ಮುಖ್ಯ ದಂಡಕ್ಕೇ, ಹಾಕಿದಾರೆ. ಬೈಕ್ ಎಂಜಿನ್ ಪೂರ್ತಿ ಪವರ್ ಕೊಡೋದು 8000 ಆರ್‌ಪಿಎಂ ಹತ್ರ, ಒಂದೂವರೆ ಮೀಟರ್ ಪ್ರೊಪೆಲ್ಲರ್ ಆ ಸ್ಪೀಡಲ್ಲಿ ತಿರುಗಿದ್ರೆ ಅದರ ತುದಿ ಸೆಕೆಂಡಿಗೆ 620 ಮೀಟರ್ ಮೇಲೆ ಹೋಗಬೇಕು, ಶಬ್ದದ ವೇಗವೇ 340! ಆಗೋ ಮಾತಲ್ಲ ಅದು, ಹಾಗಾಗಿ ಪ್ರೊಪೆಲ್ಲರ್ ಭಾರಕ್ಕೆ ಎಂಜಿನ್ 3500ರಲ್ಲೇ ಮುಕ್ಕರಿತಾ ನಿಂತಿರುತ್ತೆ, ಅಲ್ಲಿ ಅದರ ಹತ್ರ ಇರೋ ಪವರ್ರೇ ಅರ್ಧ. ರೋಟಾಕ್ಸ್ 912 ತರದ ವಿಮಾನದ ಎಂಜಿನ್‌ಗೂ ಮುಂದೆ ಗೇರ್ ಇಟ್ಟು ಎರಡೂಕಾಲು ಎರಡೂವರೆ ಪಟ್ಟು ಸ್ಪೀಡ್ ಇಳಿಸಿರ್ತಾರೆ, ಇದೇ ಕಾರಣಕ್ಕೆ. ಅವನಿಗೆ ಬೇಕಾಗಿರೋದು ರಿಡಕ್ಷನ್, ಅಂದ್ರೆ ಹೀಗೆ ಸ್ಪೀಡ್ ಇಳಿಸೋ ಗೇರು, ದೊಡ್ಡ ಎಂಜಿನ್ ಅಲ್ಲ. ದೊಡ್ಡ ಎಂಜಿನ್ ಹಾಕಿದ್ರೆ ಮೂತಿ ಭಾರ ಆಗಿ ಬ್ಯಾಲೆನ್ಸ್ ತಪ್ಪುತ್ತೆ, ಅದೇ ಸಣ್ಣ ಪೈಪಲ್ಲಿ ಇನ್ನೂ ಜಾಸ್ತಿ ಪೆಟ್ರೋಲ್ ಕೇಳುತ್ತೆ, ಇದ್ದ ರೋಗ ಇನ್ನೂ ಜೋರಾಗುತ್ತೆ. ಬಂಕಿನ ಪೆಟ್ರೋಲಲ್ಲಿ ಈಗ 20% ಎಥನಾಲ್ ಬೇರೆ ಇರುತ್ತೆ, ಅದಕ್ಕೆ ತಡೆಯದ ರಬ್ಬರ್ ಪೈಪ್ ಉಬ್ಬಿ ಒಳಗಡೆ ಚೂರು ಚೂರು ಕಿತ್ತು ಫಿಲ್ಟರ್‌ಗೆ ಬರುತ್ತೆ, ಕಾರ್ಬೊರೇಟರಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತಿನ ಜೆಟ್ ಹಳೇದೇ ಇಟ್ಟಿದ್ರೆ ಮಿಕ್ಸ್ಚರ್ ಕೂಡ ತೆಳು ಆಗುತ್ತೆ, ಅಂದ್ರೆ ಗಾಳಿಗೆ ಇಂಧನ ಸಾಲಲ್ಲ. ಇದನ್ನೂ ನೋಡು ಅಂದಿದೀನಿ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ನಿಮ್ಮ ವರದಿಗಾರರು ಇಂಥ ಹುಡುಗರನ್ನ ಮಾತಾಡಿಸೋಕೆ ಹೋದಾಗ ಖರ್ಚೆಷ್ಟು, ಯಾರು ಸ್ಫೂರ್ತಿ ಅಂತ ಕೇಳೋ ಜೊತೆಗೆ ಇನ್ನೆರಡು ಪ್ರಶ್ನೆ ಕೇಳ್ಲಿ, ನಿಂತಲ್ಲೇ ಫುಲ್ ಥ್ರಾಟಲ್‌ಗೆ ಎಷ್ಟು ಆರ್‌ಪಿಎಂ ಬಂತು, ಮೂತಿ ಎತ್ತಿ ಮುಚ್ಚಳ ಹಾಕಿ ನಿಮಿಷಕ್ಕೆ ಎಷ್ಟು ಪೆಟ್ರೋಲ್ ಹರೀತು. ಉತ್ತರ ಇದ್ರೆ ಅದನ್ನೂ ಪ್ರಿಂಟ್ ಮಾಡಿ, ಇಲ್ದಿದ್ರೆ ಅದನ್ನೂ ಬರೀರಿ. ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರೇ 1980ರ ದಶಕದಲ್ಲಿ ಅಮೆರಿಕದ ವಿಮಾನ ವಿನ್ಯಾಸಕ ಬರ್ಟ್ ರುಟಾನ್ ಅವರ ಲಾಂಗ್-ಈಝಿ ಅನ್ನೋ ಮನೇಲಿ ಕಟ್ಟೋ ವಿಮಾನದ ಪ್ಲಾನ್ ತಗೊಂಡು ಒಂದನ್ನ ಕಟ್ಟಿ ಹಾರಿಸಿದ್ರು, ಅಂಥ ಕೆಲಸ ಗೊತ್ತಿರೋ ರಿಟೈರ್ಡ್ ಇಂಜಿನಿಯರುಗಳು, ಟೆಕ್ನಿಷಿಯನ್ನುಗಳು ನಮ್ಮ ರಾಜ್ಯದಲ್ಲೇ ಇದಾರೆ. ಅವರಲ್ಲಿ ಯಾರಾದ್ರೂ ಈ ಪತ್ರ ಓದಿದ್ರೆ ದಯವಿಟ್ಟು ನಿಮ್ಮ ಹತ್ರದ ಕಾಲೇಜಿಗೆ ಒಂದು ಭಾನುವಾರ ಹೋಗಿ ಬನ್ನಿ, ಫೋನಲ್ಲಿ ನಾನು ಹೇಳೋದಕ್ಕೂ ನೀವು ಪಕ್ಕದಲ್ಲಿ ನಿಂತು ಕ್ಯಾನ್ ಹಿಡಿಯೋದಕ್ಕೂ ತುಂಬಾ ವ್ಯತ್ಯಾಸ ಇದೆ. ನಮ್ಮ ಹುಡುಗ ಈ ವಾರ ಪೆಟ್ರೋಲ್ ಅಳೆದು ನಂಬರ್ ಕಳಿಸ್ತೀನಿ ಅಂದಿದಾನೆ, ಅಲ್ಲೀವರೆಗೂ ಎಂಜಿನ್ ಸ್ಟಾರ್ಟ್ ಮಾಡಬೇಡ ಅಂತ ಅವನ ಹತ್ರ ಮಾತು ತಗೊಂಡಿದೀನಿ.

ಇಂತಿ,
ದಾವಣಗೆರೆಯ ಓದುಗ, ಸದ್ಯ ಕೊಲರಾಡೋ